ಮನೆ ಹಿಂದೆ ಸೌದೆ ಬಾಯ್ಲರ್: ಹಾಕಿಸುವ ಮುನ್ನ ಒಂದು ಲೆಕ್ಕ

"ಡಾಕ್ಟ್ರೇ, ಬಚ್ಚಲ ಹಂಡೆ ಕಿತ್ತುಹಾಕಿ ಮನೆ ಹಿಂದೆ ಸೌದೆ ಬಾಯ್ಲರ್ ಹಾಕಿಸೋಣ ಅಂತಿದ್ದೀವಿ. ಸ್ನಾನಕ್ಕೂ ಆಯ್ತು, ಕ್ಯಾನ್ ತೊಳೆಯೋಕೂ ಆಯ್ತು. ಕೊಟ್ಟಿಗೆ ಗೋಡೆಗೇ ಸೇರಿಸಿ ಇಟ್ರೆ ಚಳೀಲಿ ಕರುಗಳಿಗೂ ಬೆಚ್ಚಗಿರ್ತದೆ, ಅಲ್ವಾ?"

ಮದ್ದೂರು ತಾಲ್ಲೂಕಿನ ಒಂದು ಮಹಿಳಾ ಸಂಘದ ಸದಸ್ಯೆ, ಹಸುವಿನ ಗಬ್ಬ ಪರೀಕ್ಷೆಗೆ ಹೋದಾಗ ಕೇಳಿದ ಪ್ರಶ್ನೆ ಇದು. ಐದು ಜನರ ಸಂಸಾರ, ಮೂರು ಮಿಶ್ರತಳಿ ಹಸು, ಎರಡು ಕರು. ಇದೇ ಪ್ರಶ್ನೆ ಬೇರೆ ಊರುಗಳಲ್ಲೂ ಕೇಳಿಬರುತ್ತಿರುವುದರಿಂದ ಆ ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೊನೆಯ ಮಾತಿಗೆ ಉತ್ತರ. ಕೊಟ್ಟಿಗೆಗೆ ಬೆಂಕಿಯ ಬಿಸಿ ಬೇಡ. ಎಚ್.ಎಫ್. ಮಿಶ್ರತಳಿ ಹಸುವಿಗೆ ಕಷ್ಟವಾಗುವುದು ನಮ್ಮ ಮಾರ್ಚ್-ಏಪ್ರಿಲ್ ಬಿಸಿಲು, ಡಿಸೆಂಬರಿನ ಚಳಿಯಲ್ಲ. ಎಳೆಗರುವಿಗೆ ಚಳಿ ತಾಗುತ್ತದೆ, ನಿಜ. ಅದಕ್ಕೆ ಬೇಕಾದದ್ದು ಒಣಗಿದ ಹುಲ್ಲಿನ ದಪ್ಪ ಹಾಸು, ಗಾಳಿ ಬೀಸುವ ಕಡೆಗೆ ಒಂದು ಗೋಣಿ ಪರದೆ, ಹುಟ್ಟಿದ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣು ಹಾಲು. ಒದ್ದೆ ನೆಲದ ಮೇಲೆ ಮಲಗಿಸಿ ಪಕ್ಕದಲ್ಲಿ ಬೆಂಕಿ ಹಾಕಿದರೆ ಕರುವಿಗೆ ಹೊಗೆ ಸಿಗುತ್ತದೆಯೇ ಹೊರತು ಬೆಚ್ಚಗಾಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಕರುವಿಗೂ ಬೇಡ, ಬಾಣಂತಿ ಕೋಣೆಗೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಮಲಗಿದವರು ಏಳದೆ ಹೋಗಬಹುದು.

ಹಾಗಿದ್ದರೆ ಬಿಸಿನೀರು ಬೇಕಿಲ್ಲವೇ? ಖಂಡಿತ ಬೇಕು. ಹಾಲು ಕರೆಯುವ ಮುನ್ನ ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಒರೆಸಿದರೆ ಹಸು ಸಲೀಸಾಗಿ ಹಾಲು ಇಳಿಸುತ್ತದೆ. ಕ್ಯಾನನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು. ಮೊದಲಿಗೇ ಕುದಿನೀರು ಹಾಕಿದರೆ ಉಳಿದ ಹಾಲು ಬೆಂದು ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೈ ತಡೆಯುವಷ್ಟು ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು, ಕೊನೆಗೆ ಕುದಿಯಲು ಬಂದ ನೀರು ಸುರಿದು, ಬಿಸಿಲಿಗೆ ಬೋರಲು ಹಾಕಬೇಕು. ಹಾಲಿನಲ್ಲಿ ಸೂಕ್ಷ್ಮಾಣುಗಳು ಬೆಚ್ಚಗಿನ ಹೊತ್ತಿನಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ಸಂಘದಲ್ಲಿ ಹಾಲು ವಾಪಸ್ ಬಂದಾಗ ಹಸುವನ್ನು ಅನುಮಾನಿಸುವ ಮೊದಲು ಕ್ಯಾನಿನ ಕುತ್ತಿಗೆಯೊಳಗೆ ಬೆರಳಾಡಿಸಿ ನೋಡಿ.

ಈಗ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಆ ಅಕ್ಕನ ಮನೆಯಲ್ಲಿ ಸ್ನಾನಕ್ಕೆ ದಿನಕ್ಕೆ 100 ಲೀಟರ್. 24 ಡಿಗ್ರಿಯಿಂದ 42ಕ್ಕೆ ಏರಿಸಲು 1,800 ಬೇಕು. ಕ್ಯಾನಿಗೆ 15 ಲೀಟರ್, 84 ಡಿಗ್ರಿವರೆಗೆ, ಅದಕ್ಕೆ 900. ಒಟ್ಟು 2,700. ಒಂದು ಕೆ.ಜಿ. ಒಣ ಸೌದೆಯಲ್ಲಿ ಸುಮಾರು 3,600 ಇದೆ. ಅಂದರೆ ಮುಕ್ಕಾಲು ಕೆ.ಜಿ. ಸೌದೆ ಸಾಕಲ್ಲ! ಆದರೆ ಮೂರು ಕಲ್ಲಿನ ಮೇಲೆ ಕೂತ ಹಂಡೆಗೆ ಬೆಂಕಿಯ ಎಂಟನೇ ಒಂದು ಪಾಲು ಮುಟ್ಟಿದರೆ ಹೆಚ್ಚು, ಉಳಿದದ್ದು ಗಾಳಿಗೆ. ಹಾಗಾಗಿ ದಿನಕ್ಕೆ 6 ಕೆ.ಜಿ. ಉರಿಯುತ್ತದೆ. ನಡುವೆ ಹೊಗೆ ಕೊಳವೆ, ಸುತ್ತ ನೀರು ಇರುವ ಒಳ್ಳೆಯ ಬಾಯ್ಲರಿನಲ್ಲಿ ಒಣ ಸೌದೆ ಉರಿಸಿದರೆ ಮೂರನೇ ಒಂದು ಪಾಲಿನವರೆಗೂ ನೀರಿಗೆ ಸೇರುತ್ತದೆ. ಆಗ ಎರಡೂಕಾಲು ಕೆ.ಜಿ. ಸಾಕು. ತಿಂಗಳಿಗೆ 180 ಕೆ.ಜಿ. ಎಲ್ಲಿ, 70ರ ಆಸುಪಾಸು ಎಲ್ಲಿ! ಸೌದೆ ಹೊರುವ ತಲೆ ನಿಮ್ಮದೇ ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಮೇಲಿನ ಲೆಕ್ಕದಲ್ಲಿ 'ಒಣ' ಎಂಬ ಮಾತು ಮರೆಯಬೇಡಿ. ಬಾಯ್ಲರಿನಲ್ಲಿ ಬೆಂಕಿಯ ಸುತ್ತ ತಣ್ಣೀರು ಇರುವುದರಿಂದ ಉರಿ ಬೇಗ ತಣಿಯುತ್ತದೆ. ಹಸಿ ಸೌದೆ ಹಾಕಿದರೆ ಉರಿಯದೆ ಹೊಗೆಯುತ್ತದೆ. ಚಳಿ ದೇಶಗಳಲ್ಲಿ ಇಡೀ ಮನೆ ಬೆಚ್ಚಗಿಡಲು ಹಿತ್ತಿಲಿನಲ್ಲಿ ದೊಡ್ಡ ಸೌದೆ ಬಾಯ್ಲರ್ ಇಟ್ಟು, ಬಿಸಿನೀರನ್ನು ನೆಲದಡಿಯ ಕೊಳವೆಗಳಲ್ಲಿ ಮನೆಗೆ ಹರಿಸುತ್ತಾರೆ. ಅಲ್ಲೂ ಇದೇ ತೊಂದರೆ: ಗಿಡ್ಡ ಚಿಮಣಿ, ಮಂದ ಉರಿ, ಅಕ್ಕಪಕ್ಕದ ಮನೆಗೆಲ್ಲ ಹೊಗೆ. ಕೊನೆಗೆ 2015ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊಸ ಬಾಯ್ಲರುಗಳ ಹೊಗೆಗೆ ಮಿತಿ ಹಾಕಿತು. ನಮ್ಮಲ್ಲಿ ಆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ಮದ್ದೂರಿನ ಸುತ್ತ ಸುಲಭಕ್ಕೆ ಸಿಗುವುದು ಎಳನೀರು ಬುರುಡೆ. ಅದರಷ್ಟು ನೀರು ಕುಡಿದ ಸೌದೆ ಇನ್ನೊಂದಿಲ್ಲ. ಸೀಳಿ, ಬಿಸಿಲಿನಲ್ಲಿ ವಾರಗಟ್ಟಲೆ ಒಣಗಿಸದೆ ಒಲೆಗೆ ಹಾಕಬೇಡಿ. ತೆಂಗಿನ ಮಟ್ಟೆ, ಕರಟ, ಹಿಪ್ಪುನೇರಳೆ ಕಡ್ಡಿ ಒಳ್ಳೆಯವು. ಕಬ್ಬಿನ ರವದಿ ಭಗ್ಗನೆ ಉರಿದು ಹೋಗುತ್ತದೆ. ಅದು ಗದ್ದೆಯಲ್ಲೇ ಹೊದಿಕೆಯಾಗಿರಲಿ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಒಣಗಿಸಿಯೇ ಒಲೆಗೆ ಹಾಕುವುದನ್ನು ನೀವು ನೋಡಿದ್ದೀರಿ, ಅದೇ ಬುದ್ಧಿ ಇಲ್ಲೂ. ಪ್ಲಾಸ್ಟಿಕ್, ಹಳೇ ಚಪ್ಪಲಿ, ಟೈರು, ಬಣ್ಣ ಬಳಿದ ಮರ ಮಾತ್ರ ಬೇಡವೇ ಬೇಡ. ಆ ವಿಷದ ಹೊಗೆ, ಬೂದಿ ಮೇವಿನ ಮೇಲೆ ಕೂತು ಹಸುವಿನ ಹೊಟ್ಟೆ ಸೇರುತ್ತದೆ.

ಸಗಣಿಯನ್ನು ಬೆರಣಿ ತಟ್ಟಿ ಉರಿಸುವ ಮೊದಲು ಗೋಬರ್ ಗ್ಯಾಸ್ ಯೋಚಿಸಿ. 25 ಕೆ.ಜಿ. ಸಗಣಿಯಿಂದ ಸುಮಾರು ಒಂದು ಘನ ಮೀಟರ್ ಅನಿಲ ಬರುತ್ತದೆ. ಮೂರು ಮಿಶ್ರತಳಿ ಹಸುಗಳ ಸುಮಾರು 50 ಕೆ.ಜಿ. ಸಗಣಿಯಲ್ಲಿ 2 ಘನ ಮೀಟರ್ ಘಟಕ ನಡೆದು, ನಾಲ್ಕೈದು ಜನರ ಅಡುಗೆ ಆಗುತ್ತದೆ. ಸಗಣಿಯ ಸತ್ವವೂ ಗೊಬ್ಬರದಲ್ಲಿ ಉಳಿಯುತ್ತದೆ. ನಮ್ಮ ಪಕ್ಕದ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ, ಊರಿನ ದನಗಳ ಸಗಣಿ ಅನಿಲದಿಂದ ಎಂಜಿನ್ ಓಡಿಸಿ ದೀಪ ಹಚ್ಚಿ, ಕುಡಿಯುವ ನೀರು ಎತ್ತಿಸಿತ್ತು. ಆದರೆ ಮೇಲೆ ಹೇಳಿದ ಸ್ನಾನ, ಕ್ಯಾನಿನ ನೀರಿಗೇ ಇನ್ನೂ 25 ಕೆ.ಜಿ. ಸಗಣಿ ಬೇಕಾಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ: ಮೂರು ಹಸು ಇರುವ ಮನೆಯಲ್ಲಿ ಕೈಯಲ್ಲಿ ಹಣವಿದ್ದರೆ ಮೊದಲು ಅಡುಗೆಮನೆಗೆ ಗೋಬರ್ ಗ್ಯಾಸ್. ಏಕೆಂದರೆ ನೀವು ಹೆಚ್ಚು ಹೊತ್ತು ಹೊಗೆ ಕುಡಿಯುವುದು ಅಲ್ಲಿ. ನೀರಿನ ಬಾಯ್ಲರ್ ಆಮೇಲೆ. ಸಹಾಯಧನ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ತಾರಸಿ ಮನೆಯವರು ಸೋಲಾರ್ ಕೂಡ ನೋಡಬಹುದು, ಮಳೆಗಾಲದ ಮೋಡದ ದಿನಗಳಿಗೆ ಮಾತ್ರ ಒಲೆ ಬೇಕಾದೀತು.

ಒಂದು ಅಥವಾ ಎರಡು ಹಸು ಇರುವವರು ಬಾಯ್ಲರಿಗೆ ಸಾಲ ಮಾಡಬೇಡಿ. ಹಂಡೆಯ ಸುತ್ತ ಇಟ್ಟಿಗೆ, ಮಣ್ಣಿನ ಗೋಡೆ ಕಟ್ಟಿಸಿ, ಉರಿ ಹಂಡೆಯ ಮೈ ಸವರಿ ಹಿಂದಿನ ಕೊಳವೆಯಿಂದ ಮೇಲೆ ಹೋಗುವಂತೆ ಮಾಡಿಸಿದರೆ ಸೌದೆ ಎಷ್ಟೋ ಉಳಿಯುತ್ತದೆ.

ಹಾಕಿಸಿಯೇ ತೀರುವುದಾದರೆ ಜಾಗ ನೋಡಿ. ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ. ಆದ್ದರಿಂದ ಕೊಟ್ಟಿಗೆಯ ಪೂರ್ವಕ್ಕೂ ಪಶ್ಚಿಮಕ್ಕೂ ಬೇಡ, ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಚಿಮಣಿ ಸೂರಿಗಿಂತ ಎತ್ತರವಿರಲಿ. ಹುಲ್ಲಿನ ಮೆದೆಯಿಂದ 30 ಅಡಿಯಾದರೂ ದೂರವಿರಲಿ. ನೀರು ತುಂಬದೆ ಬೆಂಕಿ ಹಚ್ಚಬೇಡಿ, ಬೆಸುಗೆ ಬಿಟ್ಟುಹೋಗುತ್ತದೆ. ಮೇಲಿನ ಗಾಳಿ ಕೊಳವೆ ಯಾವಾಗಲೂ ತೆರೆದಿರಬೇಕು. ಅದಕ್ಕೆ ಬಿರಡೆಯನ್ನೋ ನಲ್ಲಿಯನ್ನೋ ಹಾಕಿದರೆ ಆವಿ ಕಟ್ಟಿಕೊಂಡು ಬಾಯ್ಲರ್ ಸಿಡಿಯುತ್ತದೆ.

ಬೂದಿಯ ಬಗ್ಗೆ ಒಂದು ಮಾತು. ರಾತ್ರಿ ತಿಪ್ಪೆಗೆ ಚೆಲ್ಲಿದ ಬೂದಿಯಲ್ಲಿ ಉಳಿದಿದ್ದ ಕೆಂಡ ಗಾಳಿಗೆ ಹೊತ್ತಿ, ಪಕ್ಕದ ರಾಗಿ ಹುಲ್ಲಿನ ಮೆದೆಗೆ, ಅಲ್ಲಿಂದ ಕೊಟ್ಟಿಗೆಯ ಗರಿ ಸೂರಿಗೆ ತಗುಲಿದ ಒಂದು ಮನೆಗೆ ನಾನು ಬೆಳಗಿನ ಜಾವ ಹೋಗಿದ್ದೆ. ಹಗ್ಗದಲ್ಲಿ ಬಿಗಿದಿದ್ದ ಎಮ್ಮೆ ಕಿತ್ತುಕೊಳ್ಳಲಾರದೆ ಸತ್ತಿತ್ತು. ಹಸುವಿನ ಬೆನ್ನು, ಕೆಚ್ಚಲು ಬೆಂದಿತ್ತು. ಮನೆಯವರು ಗಾಬರಿಯಲ್ಲಿ ಟೂತ್‌ಪೇಸ್ಟ್ ಮೆತ್ತಿದ್ದರು. ಸುಟ್ಟ ಜಾಗಕ್ಕೆ ತಣ್ಣೀರನ್ನು 20 ನಿಮಿಷವಾದರೂ ಬಿಡದೆ ಹುಯ್ಯಬೇಕು, ಬೇರೇನೂ ಹಚ್ಚದೆ ನಮಗೆ ಫೋನ್ ಮಾಡಬೇಕು. ಬೂದಿಗೆ ನೀರು ಚಿಮುಕಿಸಿ, ಒಂದು ದಿನ ತಗಡಿನ ಡಬ್ಬದಲ್ಲಿಟ್ಟು ಆಮೇಲೆ ಚೆಲ್ಲಿ. ಕೊಟ್ಟಿಗೆ ಬಾಗಿಲಲ್ಲಿ ಹಗ್ಗ ಕುಯ್ಯಲು ಒಂದು ಹರಿತವಾದ ಕುಡುಗೋಲು ಸಿಕ್ಕಿಸಿಡಿ.

ಪ್ರಶ್ನೆ ಕೇಳಿದ ಅಕ್ಕ ಬಾಯ್ಲರ್ ಹಾಕಿಸಿಲ್ಲ. ಹಂಡೆ ಒಲೆಗೆ ಕೊಳವೆ ಇಡಿಸಿದ್ದಾರೆ, ಗೋಬರ್ ಗ್ಯಾಸ್ ಗುಂಡಿಗೆ ಜಾಗ ಅಳೆಸಿದ್ದಾರೆ. ಹಸು ಮೂರು ತಿಂಗಳ ಗಬ್ಬ.