ಸಿಎಸ್ ಸೀಟಿಗೆ ಮೊದಲು ಮಗುವಿನ ವೀಸಾ ನೋಡಿ

ಕಳೆದ ಯುಗಾದಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಾಸನದಿಂದ ಬಂದು ಆರು ತಿಂಗಳಾಗಿದ್ದ ದಂಪತಿಯ ಪರಿಚಯವಾಯಿತು. ತಟ್ಟೆಗೆ ಹೋಳಿಗೆ ಬೀಳುವ ಮೊದಲೇ ಆ ತಾಯಿ ಕೇಳಿದರು: “ಮಗಳು ಹತ್ತನೇ ಗ್ರೇಡು ಸಾರ್. ಇಲ್ಲಿ ಸಿಎಸ್ ಓದಿಸಿದರೆ ಪ್ರಯೋಜನ ಇದೆಯಾ? ಎಐ ಬಂದಮೇಲೆ ಕೆಲಸವೇ ಇಲ್ಲ ಅಂತಾರಲ್ಲ?” ನಾನು ತಿರುಗಿ ಕೇಳಿದೆ: “ಮಗಳು ಯಾವ ವೀಸಾದಲ್ಲಿದ್ದಾಳೆ?” ಓದಿನ ಮಾತಿಗೂ ವೀಸಾಕ್ಕೂ ಏನು ಸಂಬಂಧ ಎಂಬಂತೆ ಅವರು ನೋಡಿದರು. ಆ ಸಾಲಿನಲ್ಲಿ ನಿಂತು ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನಲ್ಲಿ ಲೆಕ್ಕ ಸುಲಭವಿತ್ತು. ಸಿಇಟಿ ರ‍್ಯಾಂಕ್ ಬಂತು, ಸಿಎಸ್ ಸಿಕ್ಕರೆ ಸಿಎಸ್, ಇಲ್ಲದಿದ್ದರೆ ಐಎಸ್. ಇಲ್ಲಿಗೆ ಬಂದ ಮೇಲೆ ನೆರೆಯವರು ಬೇರೆಯದನ್ನೇ ಹೇಳುತ್ತಾರೆ. ಗೂಗಲ್, ಐಬಿಎಂನಂಥ ಕಂಪನಿಗಳು ಎಷ್ಟೋ ಹುದ್ದೆಗಳಿಗೆ ಪದವಿ ಕಡ್ಡಾಯವಲ್ಲ ಎಂದಿವೆ, ಕೆಲವೇ ತಿಂಗಳ ಕೋಡಿಂಗ್ ಬೂಟ್‌ಕ್ಯಾಂಪ್ ಸಾಕು ಎನ್ನುತ್ತಾರೆ. ಅಮೆರಿಕದ ಪೌರತ್ವ ಇರುವ ಮಗುವಿಗೆ ಆ ಮಾತು ಒಪ್ಪಬಹುದು. ಎಚ್-1ಬಿಯವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ ನಿಮ್ಮ ಜೊತೆ ಬಂದ ಮಗುವಿಗೆ ಒಪ್ಪುವುದಿಲ್ಲ. ಕಂಪನಿ ಪದವಿ ಕೇಳದಿದ್ದರೂ, ಆ ಮಗು ಮುಂದೆ ಇಲ್ಲಿ ಕೆಲಸ ಮಾಡಲು ಬೇಕಾಗುವ ಎಚ್-1ಬಿ ವೀಸಾದ ಕಾನೂನು ಕೇಳುತ್ತದೆ: ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ಬ್ಯಾಚುಲರ್ ಪದವಿ ಅಥವಾ ಅದಕ್ಕೆ ಸಮನಾದದ್ದು ಇರಬೇಕು. ಪದವಿ ಇಲ್ಲದವರ ಅನುಭವವನ್ನು ಅಳೆಯುವಾಗ ಮೂರು ವರ್ಷದ ಕೆಲಸವನ್ನು ಒಂದು ವರ್ಷದ ಓದಿಗೆ ಸಮ ಎಂದು ಎಣಿಸುತ್ತಾರೆ. ನಾಲ್ಕು ವರ್ಷದ ಪದವಿಗೆ ಹನ್ನೆರಡು ವರ್ಷದ ಅನುಭವ! ಹಾಗಾಗಿ ನಮ್ಮ ಮಕ್ಕಳಿಗೆ ಪದವಿ ಬೇಕೇ ಬೇಕು. ಅದು ಸಿಎಸ್ಸೇ ಆಗಬೇಕೇ ಎಂಬುದಷ್ಟೇ ಯೋಚಿಸಬೇಕಾದ ವಿಷಯ.

ಅದಕ್ಕೂ ಮೊದಲು ಎಚ್-4ರ ಎರಡು ಸಂಗತಿ ತಿಳಿದಿರಲಿ. ಮಗುವಿಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಈಗ ಬಂದ ಭಾರತೀಯರ ಗ್ರೀನ್ ಕಾರ್ಡ್ ಸರದಿ ಹತ್ತು ವರ್ಷಕ್ಕೂ ಉದ್ದ ಇರುವುದರಿಂದ, ಹೈಸ್ಕೂಲಿಗೆ ಬಂದು ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಕಾಲೇಜಿನ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಎರಡನೆಯದನ್ನು ನಮ್ಮವರು ಬಹಳ ತಡವಾಗಿ ತಿಳಿಯುತ್ತಾರೆ. ಎಚ್-4ರಲ್ಲಿರುವ ಮಗು ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. 2015ರಿಂದ ಸಿಗುತ್ತಿರುವ ಎಚ್-4 ವರ್ಕ್ ಪರ್ಮಿಟ್ ಗಂಡ ಅಥವಾ ಹೆಂಡತಿಗೆ ಮಾತ್ರ, ಮಕ್ಕಳಿಗಲ್ಲ. ಸಿಎಸ್ ಓದಿನಲ್ಲಿ ಇದರ ಪೆಟ್ಟು ದೊಡ್ಡದು. ಇಲ್ಲಿ ಮೊದಲ ಕೆಲಸ ಹೆಚ್ಚಾಗಿ ಬೇಸಿಗೆಯ ಇಂಟರ್ನ್‌ಶಿಪ್ಪಿನಿಂದಲೇ ಹುಟ್ಟುವುದು. ಕ್ಲಾಸಿನ ಗೆಳೆಯರೆಲ್ಲ ಇಂಟರ್ನ್‌ಶಿಪ್ಪಿಗೆ ಹೊರಟಾಗ ಜಾಣ ಹುಡುಗನೊಬ್ಬ ಮನೆಯಲ್ಲಿ ಕೂತಿದ್ದನ್ನು ನಾನು ಕಂಡಿದ್ದೇನೆ. ಅವನ ತಂದೆತಾಯಿಗೆ ಒಂದು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಇಂದಿಗೂ ನೋವಾಗುತ್ತದೆ. ಎಫ್-1ಕ್ಕೆ ಬದಲಾದರೆ ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷದ ನಂತರ ಸಿಪಿಟಿ ಎಂಬ, ಓದಿನ ನಡುವಿನ ಕೆಲಸದ ಅನುಮತಿಯಲ್ಲಿ ಇಂಟರ್ನ್‌ಶಿಪ್ ಮಾಡಬಹುದು. ಪದವಿಯಾದ ಮೇಲೆ ಒಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯ ಓದಿದ್ದರೆ ಇನ್ನೂ 24 ತಿಂಗಳು. ಈ ಮೂರು ವರ್ಷದಲ್ಲಿ ಎಚ್-1ಬಿಗೆ ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಬಹುದು. ವರ್ಷಕ್ಕೆ ಇರುವುದು 65,000 ವೀಸಾ, ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಮತ್ತೆ 20,000.

ಸ್ಟೆಮ್ ಅಂದರೆ ಸಿಎಸ್ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸ್ಟ್ಯಾಟಿಸ್ಟಿಕ್ಸ್, ಸಿವಿಲ್, ಎಲೆಕ್ಟ್ರಿಕಲ್, ಬಯಾಲಜಿ ಎಲ್ಲವೂ ಆ ಪಟ್ಟಿಯಲ್ಲಿವೆ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೊಸದಾಗಿ ಪದವಿ ಪಡೆದ ಸಿಎಸ್‌ನವರ ನಿರುದ್ಯೋಗ ಶೇ 6.1 ಇತ್ತು. ಕೆಲಸ ಸಿಕ್ಕವರಲ್ಲಿ ಪದವಿ ಬೇಡದ ಕೆಲಸಕ್ಕೆ ಇಳಿದವರು ಮಾತ್ರ ಬೇರೆ ಅನೇಕ ವಿಷಯದವರಿಗಿಂತ ಕಡಿಮೆ. ಬಾಗಿಲು ಕಿರಿದಾಗಿದೆ, ಒಳಗೆ ಹೋದವರಿಗೆ ಜಾಗ ಇನ್ನೂ ಚೆನ್ನಾಗಿದೆ ಎಂದು ನಾನು ಇದನ್ನು ಓದುತ್ತೇನೆ. ಹಲವು ವರ್ಷ ಹೊಸಬರನ್ನು ಇಂಟರ್‌ವ್ಯೂ ಮಾಡಿದ್ದೇನೆ. ಕೋಡು ಬರೆದುಕೊಡಲು ಈಗ ಎಐ ಇದೆ. ಅದು ಬರೆದದ್ದು ಎಲ್ಲಿ ಮುರಿಯುತ್ತದೆ ಎಂದು ಹಿಡಿಯುವವರು ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಅಲ್ಗಾರಿದಮ್‌ಗಳನ್ನು ತಾಳ್ಮೆಯಿಂದ ಓದಿದವರು. ಆ ತಾಳ್ಮೆ ವಿಷಯದ ಮೇಲೆ ಪ್ರೀತಿ ಇದ್ದರಷ್ಟೇ ಬರುತ್ತದೆ. ಹಾಸನದ ಆ ಹುಡುಗಿಗೆ ಇಷ್ಟವಾದದ್ದು ಬಯಾಲಜಿ ಎಂದು ಆಮೇಲೆ ಗೊತ್ತಾಯಿತು. ಅವಳನ್ನು ಸಿಎಸ್‌ಗೆ ನೂಕಬೇಡಿ ಎಂದೆ.

ದುಡ್ಡಿನ ವಿಷಯ. ಎಚ್-4 ಮಕ್ಕಳಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ಇಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕೂ ಹೆಚ್ಚು ನೆಲೆಸಿ ದಾಖಲೆ ತೋರಿಸಿದರೆ ಸ್ಥಳೀಯರ ಫೀಸು ಅನ್ವಯಿಸಬಹುದು. ಫ್ರೀಮಾಂಟ್‌ನ ಓಹ್ಲೋನಿಯಂಥ ಕಮ್ಯುನಿಟಿ ಕಾಲೇಜಿನಲ್ಲಿ ಸ್ಥಳೀಯರಿಗೆ ಒಂದು ಯೂನಿಟ್ಟಿಗೆ 46 ಡಾಲರ್. 60 ಯೂನಿಟ್, ಅಂದರೆ ಎರಡು ವರ್ಷದ ಓದು, 2,760 ಡಾಲರಿಗೆ ಮುಗಿಯುತ್ತದೆ. ಅಲ್ಲಿಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೋ (ಯುಸಿ) ಸ್ಯಾನ್ ಹೋಸೆ ಸ್ಟೇಟ್‌ಗೋ ವರ್ಗವಾಗಬಹುದು. “ಕಮ್ಯುನಿಟಿ ಕಾಲೇಜಾ?” ಎಂದು ಮೂಗು ಮುರಿಯಬೇಡಿ. ಕೊನೆಗೆ ಕೈಗೆ ಬರುವುದು ಅದೇ ಯುಸಿ ಪದವಿ. ಎಫ್-1ಕ್ಕೆ ಬದಲಾದಾಗ ಫೀಸಿನ ದರ್ಜೆಯೂ ಬದಲಾಗಬಹುದು. ಯುಸಿಯಲ್ಲಿ ಹೊರಗಿನವರ ಹೆಚ್ಚುವರಿ ಫೀಸು ವರ್ಷಕ್ಕೆ 35,000 ಡಾಲರಿಗೂ ಮಿಕ್ಕಿದೆ. ಕಾಲೇಜಿನ ರೆಸಿಡೆನ್ಸಿ ಕಚೇರಿಯನ್ನು ಮೊದಲೇ ಕೇಳಿಕೊಳ್ಳಿ.

ಎಚ್-4ರಲ್ಲಿ ಬಂದು ಇಲ್ಲಿ ಮಾಸ್ಟರ್ಸ್ ಮಾಡಬೇಕೆಂದಿರುವ ಅಕ್ಕತಂಗಿಯರಿಗೂ ಒಂದು ಮಾತು. ಆ ಹೆಚ್ಚುವರಿ 20,000 ವೀಸಾಗಳಿಗೆ ಮಾನ್ಯತೆ ಪಡೆದ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯ ಪದವಿಯೇ ಆಗಬೇಕು. ಲಾಭಕ್ಕೆ ನಡೆಸುವ ಕಾಲೇಜಿನದು ಲೆಕ್ಕಕ್ಕಿಲ್ಲ. 2011ರಲ್ಲಿ ನಮ್ಮ ಪಕ್ಕದ ಪ್ಲೆಸೆಂಟನ್‌ನಲ್ಲೇ ಮಾನ್ಯತೆ ಇಲ್ಲದ ಟ್ರೈ-ವ್ಯಾಲಿ ಯೂನಿವರ್ಸಿಟಿಯನ್ನು ಅಧಿಕಾರಿಗಳು ಮುಚ್ಚಿಸಿದಾಗ ಅಲ್ಲಿದ್ದವರಲ್ಲಿ ಬಹುಪಾಲು ಭಾರತದ ವಿದ್ಯಾರ್ಥಿಗಳು, ಕೆಲವರ ಕಾಲಿಗೆ ಜಾಡು ಹಿಡಿಯುವ ಪಟ್ಟಿ ಕಟ್ಟಿದ್ದರು. ಫೀಸು ಕಟ್ಟುವ ಮೊದಲು ಮಾನ್ಯತೆ ಪರೀಕ್ಷಿಸಿ.

ಇವತ್ತು ರಾತ್ರಿ ಊಟವಾದ ಮೇಲೆ ಮಗುವಿನ ಪಾಸ್‌ಪೋರ್ಟ್ ತೆಗೆದು 21 ತುಂಬುವ ತಾರೀಖನ್ನು ಬರೆದಿಡಿ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಆ ತಾರೀಖು ಹಿಡಿದುಕೊಂಡು ಇಮಿಗ್ರೇಷನ್ ವಕೀಲರನ್ನು ಒಮ್ಮೆ ಕಾಣಿ. ಯಾವ ಕಾಲೇಜು, ಯಾವ ವಿಷಯ ಎಂಬ ಮಾತು ಆಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗಲಿ.