ಹೊಟ್ಟೆ ತುಂಬ ಮೊಟ್ಟೆ, ಹೊಂಡದಲ್ಲಿ ಮರಿ ಇಲ್ಲ - ಯಾಕೆ?



"ಸಿಸ್ಟರ್, ಒಂದು ಸಲ ಮರಿ ಬಿಟ್ರೆ ಸಾಕಲ್ವಾ? ಆಮೇಲೆ ಅದೇ ಮೊಟ್ಟೆಯಿಟ್ಟು ಮರಿ ಮಾಡುತ್ತೆ." ಸಿಹಿನೀರಿನ ಸಿಗಡಿ ಸಾಕಲು ಸಾಲ ಕೇಳುವಾಗ ಸಂಘಗಳಲ್ಲಿ ನಾವು ಕೇಳುವ ಮಾತಿದು. ಕೋಳಿ, ಆಡು ಸಾಕಿದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಸಿಗಡಿಯ ಸಂಸಾರವೇ ಬೇರೆ. ಅದನ್ನು ತಿಳಿಯದೆ ಲೆಕ್ಕ ಹಾಕಿದರೆ ಎರಡನೇ ವರ್ಷ ಹೊಂಡ ಖಾಲಿ, ಸಾಲದ ಕಂತು ಮಾತ್ರ ಬಾಕಿ.

ಪೇಟೆಯಲ್ಲಿ ಸ್ಕ್ಯಾಂಪಿ ಎನ್ನುವ ದೊಡ್ಡ ಸಿಗಡಿಯನ್ನೇ ನೋಡೋಣ. ಹೆಣ್ಣು ಪೊರೆ ಕಳಚಿ ಮೈ ಮೆತ್ತಗಿರುವಾಗಲೇ ಗಂಡಿನ ಜೊತೆ ಕೂಡುವುದು. ಆ ಹೊತ್ತಿನಲ್ಲಿ ಬೇರೆ ಸಿಗಡಿಗಳು ಅದನ್ನು ಕಚ್ಚಿ ತಿಂದುಬಿಡಬಹುದು. ಅದಕ್ಕೆ ಗಂಡು ತನ್ನ ಉದ್ದ ಕೊಂಡಿಗಾಲುಗಳ ಮಧ್ಯೆ ಇಟ್ಟುಕೊಂಡು ಕಾಯುತ್ತದೆ. (ಹೊಂಡದಲ್ಲಿ ಕೊಂಬೆ, ತೆಂಗಿನ ಗರಿ ಹಾಕುವುದೂ ಇದಕ್ಕೇ. ಪೊರೆ ಬಿಟ್ಟ ಸಿಗಡಿಗೆ ಅಡಗಲು ಜಾಗ ಬೇಕು.) ಒಂದು ದಿನದೊಳಗೆ ಮೊಟ್ಟೆ ಬರುತ್ತದೆ. ತಾಯಿ ಅದನ್ನು ನೀರಿಗೆ ಬಿಡುವುದಿಲ್ಲ. ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಸಿಕೊಂಡು, ಕಾಲಾಡಿಸಿ ಗಾಳಿ ಕೊಡುತ್ತಾ ಸುಮಾರು ಮೂರು ವಾರ ಹೊರುತ್ತದೆ. ಚೆನ್ನಾಗಿ ಬೆಳೆದ ತಾಯಿ 80,000ದಿಂದ 1,00,000 ಮೊಟ್ಟೆ ಇಡುತ್ತದೆ. ಮೊದಲು ಕಿತ್ತಳೆ ಬಣ್ಣ, ಒಡೆಯುವ ಎರಡು ಮೂರು ದಿನ ಮುಂಚೆ ಬೂದು.

ಮೊಟ್ಟೆ ನಮ್ಮ ಹೊಂಡದಲ್ಲೂ ಒಡೆಯುತ್ತದೆ. ಆದರೆ ಹುಟ್ಟಿದ ಮರಿಗೆ ಉಪ್ಪು ಬೆರೆತ ನೀರೇ ಬೇಕು - ಒಂದು ಪಾಲು ಸಮುದ್ರದ ನೀರು, ಎರಡು ಪಾಲು ಸಿಹಿನೀರು ಬೆರೆಸಿದಷ್ಟು. ಬರೀ ಸಿಹಿನೀರಿನಲ್ಲಿ ನಾಲ್ಕೈದು ದಿನಗಳಲ್ಲಿ ಎಲ್ಲ ಸಾಯುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣವು, ಸತ್ತದ್ದೂ ನಮಗೆ ಗೊತ್ತಾಗುವುದಿಲ್ಲ. ಉಪ್ಪುನೀರಿನಲ್ಲಿ 11 ಹಂತ ದಾಟಿ, ಸುಮಾರು ಒಂದು ತಿಂಗಳಲ್ಲಿ ಸಿಗಡಿಯ ರೂಪ ಬಂದ ಮೇಲೆಯೇ ಅವಕ್ಕೆ ಸಿಹಿನೀರು ಒಗ್ಗುತ್ತದೆ. ಈ ಉಪ್ಪಿನ ಗುಟ್ಟನ್ನು 1961ರಲ್ಲಿ ಮಲೇಷ್ಯಾದಲ್ಲಿ ಲಿಂಗ್ ಎಂಬ ವಿಜ್ಞಾನಿ ಕಂಡುಹಿಡಿದರು. ಇಂದಿನ ಹ್ಯಾಚರಿಗಳೆಲ್ಲ ನಡೆಯುವುದು ಅದರ ಮೇಲೆಯೇ.

ಹೊಳೆಯಲ್ಲಿ ತಾಯಿಯೇ ಇದಕ್ಕೆ ದಾರಿ ಮಾಡಿಕೊಳ್ಳುತ್ತದೆ. ಕೇರಳದ ಕುಟ್ಟನಾಡಿನ ಹೊಳೆಗಳಿಂದ ಮೊಟ್ಟೆ ಹೊತ್ತ ಸಿಗಡಿಗಳು ವೆಂಬನಾಡು ಹಿನ್ನೀರಿನ ಉಪ್ಪಿನ ಭಾಗಕ್ಕೆ ಇಳಿಯುತ್ತವೆ, ಮರಿಗಳು ತಿರುಗಿ ಮೇಲೆ ಹತ್ತುತ್ತವೆ. 1970ರ ದಶಕದಲ್ಲಿ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಣ್ಣೀರ್‌ಮುಕ್ಕಂನಲ್ಲಿ ಕಟ್ಟೆ ಕಟ್ಟಿದರು. ಬಾಗಿಲು ಮುಚ್ಚಿದಾಗ ಈ ಓಡಾಟಕ್ಕೂ ತಡೆಯಾಯಿತು.

ಆದ್ದರಿಂದ ಸಾಲದ ಅರ್ಜಿಯಲ್ಲಿ ಮರಿ ಖರ್ಚನ್ನು ಪ್ರತಿ ಬೆಳೆಗೂ ಬರೆಯಿರಿ. ಮೊದಲ ಬೆಳೆಯ ಲಾಭ ಹಂಚುವ ಮುಂಚೆಯೇ ಆ ಹಣ ಎತ್ತಿಟ್ಟು ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಮೊಟ್ಟೆ ಹೊತ್ತ ಹೆಣ್ಣನ್ನು "ಪಾಪ, ಬಸುರಿ" ಎಂದು ಹೊಂಡದಲ್ಲಿ ಉಳಿಸಬೇಡಿ. ತಿಂದದ್ದೆಲ್ಲ ಮೊಟ್ಟೆಗೇ ಹೋಗಿ ಅದರ ಬೆಳವಣಿಗೆ ಕುಂಠಿತವಾಗುತ್ತದೆ, ಮೇವು ದಂಡ. ಮಾರಾಟದ ಗಾತ್ರಕ್ಕೆ ಬಂದಿದ್ದರೆ ಹಿಡಿದು ಮಾರಿ. ಹೊಳೆಯಲ್ಲಿ ಬಲೆಗೆ ಬಿದ್ದರೆ ಮಾತ್ರ ತಿರುಗಿ ನೀರಿಗೆ ಬಿಡಿ. ಅಲ್ಲಿ ಅದರ ಮರಿಗಳು ಬದುಕುತ್ತವೆ.