ಸುಳ್ಳನ್ನರಿಯುವ ಶಕ್ತಿಗೆ ತಕ್ಕ ಹೆಸರಾವುದು?

ಪರರ ಮಾತಿನಲ್ಲಿ ಅಡಗಿರುವ ಸುಳ್ಳನ್ನು ಕಂಡುಹಿಡಿಯುವ ಶಕ್ತಿಯನ್ನು ಯಾವ ಪದದಿಂದ ಕರೆಯಬೇಕು? ಹೆಸರು ತಪ್ಪಿದಲ್ಲಿ ಪ್ರಯೋಗವೂ ತಪ್ಪುವುದು; ಪ್ರಯೋಗವು ತಪ್ಪಿದಲ್ಲಿ ನಿರಪರಾಧಿಯು ದಂಡನೆಗೆ ಗುರಿಯಾಗುವನು. ಆದುದರಿಂದ ಈ ವಿಚಾರವು ನಿಘಂಟುಕಾರರಿಗೆ ಮಾತ್ರ ಸೇರಿದುದಲ್ಲ.

ಮೊದಲು ತೋರುವ ಪದವು 'ಇಂಗಿತಜ್ಞತೆ'. ಇಂಗಿತವೆಂದರೆ ಅಂತರಂಗವನ್ನು ಸೂಚಿಸುವ ಅಂಗಚೇಷ್ಟೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದುಷ್ಟಸಾಕ್ಷಿಯ ಇಂತಹ ಲಕ್ಷಣಗಳು ಉಕ್ತವಾಗಿವೆ: ಅವನು ನಿಂತಲ್ಲಿ ನಿಲ್ಲನು; ಕಟಬಾಯಿಯನ್ನು ನೆಕ್ಕುವನು; ಹಣೆ ಬೆವರುವುದು; ಮುಖವು ಬಣ್ಣಗೆಡುವುದು; ಮಾತು ತೊದಲುವುದು.

ಹಾಗಾದರೆ ಬೆವರಿದವರೆಲ್ಲರೂ ಸುಳ್ಳುಗಾರರೇ? ಈ ಆಕ್ಷೇಪಕ್ಕೆ ಸಮಾಧಾನವನ್ನು ಹೇಳಿದವನು ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನು. ಈ ಚಿಹ್ನೆಗಳಿಂದ ದೋಷದ ಸಂಭಾವನೆಯುಂಟಾಗುವುದೇ ಹೊರತು ನಿಶ್ಚಯವಲ್ಲ. ಸ್ವಭಾವದಿಂದ ಬಂದ ವಿಕಾರವಾವುದು, ಕಾರಣಾಂತರದಿಂದ ಬಂದುದಾವುದು ಎಂದು ಬೇರ್ಪಡಿಸುವುದು ದುಷ್ಕರವೆಂಬುದು ಅವನ ಮಿತಾಕ್ಷರೆಯ ಅಭಿಪ್ರಾಯ. ಸಭೆಯನ್ನೇ ಕಾಣದ ಬಡ ರೈತನು ಸತ್ಯವನ್ನಾಡುವಾಗಲೂ ನಡುಗುವನು. ನುರಿತ ವಂಚಕನು ನಗುನಗುತ್ತ ಸುಳ್ಳಾಡುವನು.

ಆಧುನಿಕ ಶೋಧನೆಯೂ ಇದನ್ನೇ ಸಮರ್ಥಿಸುತ್ತದೆ. ಬಾಂಡ್ ಮತ್ತು ಡಿಪೌಲೊ ಎಂಬ ವಿದ್ವಾಂಸರು ಅನೇಕ ಪ್ರಯೋಗಗಳನ್ನು ಕ್ರೋಡೀಕರಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸತ್ಯಾಸತ್ಯಗಳ ಬಗೆಗೆ ಜನರ ನಿರ್ಣಯವು ನೂರಕ್ಕೆ ಸುಮಾರು 54 ಸಲ ಮಾತ್ರ ಸರಿಯಾಗುವುದು. ನಾಣ್ಯವನ್ನು ಚಿಮ್ಮಿ ನಿರ್ಣಯಿಸಿದರೂ 50 ಸಲ ಸರಿಯಾದೀತು! ಸುಳ್ಳುಪತ್ತೆಯ ಯಂತ್ರವಾದರೋ ನಾಡಿ, ಉಸಿರು, ಬೆವರುಗಳನ್ನು ಅಳೆಯುವುದೇ ವಿನಾ ಸುಳ್ಳನ್ನಲ್ಲ. ಕರ್ನಾಟಕ ರಾಜ್ಯವು ಪಕ್ಷವಾಗಿದ್ದ ಸೆಲ್ವಿ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಯಾರನ್ನೂ ಬಲವಂತದಿಂದ ಇಂತಹ ಪರೀಕ್ಷೆಗೆ ಒಳಪಡಿಸಲಾಗದೆಂದು 2010ರಲ್ಲಿ ತೀರ್ಪಿತ್ತಿತು.

ಇನ್ನು 'ಶಂಕೆ'ಯೆನ್ನಬಹುದೇ? ಅದೂ ಸಲ್ಲದು. ಶಂಕೆಯು ಎಲ್ಲರ ಮೇಲೂ ಸಮನಾಗಿ ಹರಡುವುದು. ಸತ್ಯವಂತನನ್ನು ಪ್ರತ್ಯೇಕಿಸಿ ಬಿಡಿಸಲಾರದು. 'ಪರೀಕ್ಷೆ'ಯೆಂಬುದು ಕ್ರಿಯೆಯ ಹೆಸರು, ಶಕ್ತಿಯದಲ್ಲ.

ಉಳಿಯುವ ಪದವು 'ವಿವೇಕ'. 'ವಿಚ್' ಧಾತುವಿಗೆ ಬೇರ್ಪಡಿಸುವುದೆಂದೇ ಅರ್ಥ. ವಿವೇಕಿಯು ಮುಖವನ್ನು ನೋಡಿ ತೀರ್ಮಾನಿಸನು. ಮಾತನ್ನು ಮಾತಿನೊಡನೆಯೂ, ಮಾತನ್ನು ನಡೆಯೊಡನೆಯೂ, ಎರಡನ್ನೂ ಇತರ ಪ್ರಮಾಣಗಳೊಡನೆಯೂ ಹೋಲಿಸಿ ಕಾಳು ಜೊಳ್ಳುಗಳನ್ನು ಬೇರೆ ಮಾಡುವನು. ಕನ್ನಡದಲ್ಲಿ 'ಒರೆ' ಎಂದರೆ ನುಡಿಯುವುದೆಂದೂ, ತಿಕ್ಕಿ ಪರೀಕ್ಷಿಸುವುದೆಂದೂ ಎರಡರ್ಥಗಳುಂಟು. ಒರೆದ ಮಾತನ್ನು ಒರೆಗೆ ಹಚ್ಚಬೇಕೆಂದು ಭಾಷೆಯೇ ಎಚ್ಚರಿಸುವಂತಿದೆ. ಅಕ್ಕಸಾಲಿಗನು ಚಿನ್ನದ ಹೊಳಪನ್ನು ಮೆಚ್ಚಿ ಬೆಲೆ ಕಟ್ಟುವುದಿಲ್ಲ. ಕಲ್ಲಿನ ಮೇಲೆ ಮೂಡಿದ ಗೆರೆಯನ್ನು ನೋಡುವನು.

ಇಂಗಿತವು ವಿಚಾರಣೆಗೆ ಬಾಗಿಲಾಗಬಹುದು, ತೀರ್ಪಾಗಲಾರದು. ಮಕ್ಕಳನ್ನು ತಿದ್ದುವ ತಾಯ್ತಂದೆಗಳೂ, ನ್ಯಾಯ ಹೇಳುವ ಹಿರಿಯರೂ ಈ ಭೇದವನ್ನು ಮನದಲ್ಲಿರಿಸಿಕೊಳ್ಳುವುದು ಯುಕ್ತ.